ಅಸೆಂಬ್ಲೇಜ್ ಶಿಲ್ಪ: ಕಲಾಶಾಲೆಗಳಲ್ಲಿ ಬೋಧನೆಯ ಇತಿಹಾಸ

ಕೆತ್ತದೆ, ಎರಕ ಹೊಯ್ಯದೆ, ಸಿಕ್ಕ ವಸ್ತುಗಳನ್ನೇ ಜೋಡಿಸಿ ಕಟ್ಟುವ ಶಿಲ್ಪಕ್ಕೆ ಅಸೆಂಬ್ಲೇಜ್ ಎಂಬ ಹೆಸರು ಗಟ್ಟಿಯಾಗಿ ನೆಲೆಗೊಂಡದ್ದು 1961ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಸೈಟ್ಸ್ ಏರ್ಪಡಿಸಿದ ಪ್ರದರ್ಶನದಿಂದ. ಅದರ ಪಾಠ ಮಾತ್ರ ನಾಲ್ಕು ದಶಕ ಮೊದಲೇ ಶುರುವಾಗಿತ್ತು. ಜರ್ಮನಿಯ ವೈಮಾರ್‌ನಲ್ಲಿ 1919ರಲ್ಲಿ ತೆರೆದ ಬೌಹೌಸ್ ಶಾಲೆಯ ಆರಂಭಿಕ ತರಗತಿಯಲ್ಲಿ ಯೊಹಾನೆಸ್ ಇಟ್ಟೆನ್ ವಿದ್ಯಾರ್ಥಿಗಳಿಂದ ಮರ, ಗಾಜು, ತಂತಿ, ತುಪ್ಪಳ, ತಗಡಿನ ಚೂರುಗಳನ್ನು ತರಿಸಿ, ಕಣ್ಣು ಮುಚ್ಚಿಸಿ ಮುಟ್ಟಿ ನೋಡಲು ಹೇಳಿ, ಆಮೇಲೆ ಜೋಡಣೆಗೆ ಹಚ್ಚುತ್ತಿದ್ದ. ಅಲ್ಲಿ ಕಲಿಯುತ್ತಿದ್ದ ಯೋಸೆಫ್ ಆಲ್ಬರ್ಸ್ ಊರ ಕಸದ ಗುಡ್ಡೆಯಿಂದ ಒಡೆದ ಗಾಜು ಆಯ್ದು ತಂದು ಚಿತ್ರ ಕಟ್ಟಿದ. 1923ರಿಂದ ತಾನೇ ಪಾಠ ಹೇಳತೊಡಗಿದ. ಪಿಕಾಸೊ 1912ರಲ್ಲೇ ರಟ್ಟು, ದಾರ, ತಂತಿಗಳಿಂದ ಗಿಟಾರ್ ಕಟ್ಟಿರಲಿಲ್ಲವೇ ಎಂದು ಕೇಳಬಹುದು. ಕೃತಿ ಮೊದಲು, ಅದು ನಿಜ. ಆದರೆ ಒಬ್ಬ ಕಲಾವಿದನಿಗೆ ಹೊಳೆದದ್ದು ತರಗತಿಯ ಎಲ್ಲರೂ ಮಾಡಿ ಕಲಿಯುವ ಅಭ್ಯಾಸವಾದದ್ದು, ಅದೂ ಶಿಲ್ಪ ವಿಭಾಗದ ಹೊರಗೆ, ಬೌಹೌಸ್‌ನಲ್ಲಿ. ಈ ಬೋಧನೆಯ ಬೇರು ವಸ್ತುಪರಿಚಯದಲ್ಲಿದೆ ಎನ್ನಲು ಇದೇ ಆಧಾರ.

ನಾಜಿಗಳ ಒತ್ತಡದಿಂದ 1933ರಲ್ಲಿ ಬೌಹೌಸ್ ಮುಚ್ಚಿತು. ಅದೇ ವರ್ಷ ಆಲ್ಬರ್ಸ್ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜು ಸೇರಿ ಅದೇ ಅಭ್ಯಾಸ ಮುಂದುವರಿಸಿದ. ಅಲ್ಲಿ ಅವನ ಶಿಷ್ಯನಾದ ರಾಬರ್ಟ್ ರೌಶನ್‌ಬರ್ಗ್ ಮುಂದೆ, ಸತ್ತ ಮೇಲೆ ಒಳಗೆ ತುಂಬಿ ನಿಲ್ಲಿಸಿದ ಮೇಕೆಯ ನಡುವಿಗೆ ಟೈರು ತೊಡಿಸಿ ‘ಮಾನೊಗ್ರಾಮ್’ (1955–59) ರಚಿಸಿದ. ಗುರುವಿಗೆ ಶಿಷ್ಯನ ಕೆಲಸ ಹಿಡಿಸಲಿಲ್ಲ. ಶಿಷ್ಯ ಮಾತ್ರ ಅವನನ್ನೇ ತನ್ನ ಮುಖ್ಯ ಗುರುವೆಂದ. ಶೈಲಿ ದಾಟದೆ ಶಿಸ್ತು ಮಾತ್ರ ದಾಟಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗುಜರಿ ಜೋಡಿಸಲು ಕಾಲೇಜೇಕೆ, ಮಣ್ಣಿನ ಕೆಲಸ, ಎರಕ ಮರೆತುಹೋಗುತ್ತವೆ ಎಂಬ ಆಕ್ಷೇಪ ಹಳೆಯದು, ಹಗುರವಾದದ್ದೂ ಅಲ್ಲ. ಆದರೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಶಾಲೆಯಲ್ಲಿ 1953ರಿಂದ ಕಲಿಸಿದ ಆಂಥನಿ ಕ್ಯಾರೊ ಶಿಲ್ಪಿ ಹೆನ್ರಿ ಮೂರ್‌ನ ಸಹಾಯಕನಾಗಿ ಪಳಗಿದವನು. 1960ರ ಹೊತ್ತಿಗೆ ಉಕ್ಕಿಗೆ ತಿರುಗಿದಾಗ ಬೆಸುಗೆ ಹಾಕುವುದನ್ನು ಹೊಸದಾಗಿ ಕಲಿಯಬೇಕಾಯಿತು. ಕೌಶಲ ಬದಲಾಯಿತೇ ಹೊರತು ಬೇಡವಾಗಲಿಲ್ಲ. ಹಳೆಯ ತರಬೇತಿ ತಪ್ಪಿಸುವ ಅಡ್ಡದಾರಿಯಾಗಿ ಅಸೆಂಬ್ಲೇಜನ್ನು ಇಟ್ಟ ಕಡೆ ಆಕ್ಷೇಪ ಸರಿಯೇ. ಆದರೆ ಈ ಅಭ್ಯಾಸ ಶಿಲ್ಪ ವಿದ್ಯಾರ್ಥಿಗಳಿಗಷ್ಟೇ ಸೇರಿದ್ದಲ್ಲ: ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತದ್ದು ಚಿತ್ರಕಲೆ. ಸೆಗಣಿ, ಸೂಜಿ, ಕುಂಕುಮ ಬಳಿದ ದಾರ, ಡಾಂಬರು ಡ್ರಮ್ಮುಗಳ ಕೃತಿಗಳು ಆಮೇಲೆ ಬಂದವು. ಹಾಗಾಗಿ ಅಸೆಂಬ್ಲೇಜನ್ನು ಕೊನೆಯ ವರ್ಷದ ಐಚ್ಛಿಕ ವಿಷಯವಾಗಿಸುವುದಕ್ಕಿಂತ, ಯಾವ ವಿಭಾಗದ ವಿದ್ಯಾರ್ಥಿಗೂ ಮೊದಲ ವರ್ಷದ ವಸ್ತು ಅಭ್ಯಾಸವಾಗಿ ಕಲಿಸುವುದೇ ಸರಿ.