ಗಾಳ, ದಾರ ಮತ್ತು ಬಿಳಿಮೀನು



ಮೀನನ್ನೇ ತಿನ್ನದ ಮೇಷ್ಟ್ರು ಮೀನಿನ ವಿಷಯ ಬರೆಯುವುದೆಂದರೆ ನಿಮಗೆ ನಗು ಬರಬಹುದು. ಕಾವೇರಿ ತೀರದ ಊರೊಂದರಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದಾಗ, ಶಾಲೆ ತಪ್ಪಿಸಿ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಹುಡುಗನೊಬ್ಬನಿದ್ದ. ಒಂದು ದಿನ ಅವನ ಬಿದಿರುಕೋಲನ್ನು ತರಗತಿಯ ಎದುರಿನಲ್ಲಿಯೇ ಮುರಿದು ಹಾಕಿದೆ. ಅಂದಿನ ಪಾಠ ಕಲ್ಯಾಣದ ಚಾಲುಕ್ಯರದು! ಆ ವಂಶದ ದೊರೆಯೇ ಗಾಳದ ವಿದ್ಯೆಯನ್ನು ಬರೆದಿಟ್ಟಿದ್ದನೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ.

ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆ. ಅವುಗಳಲ್ಲಿ ಒಂದು 'ಮತ್ಸ್ಯವಿನೋದ'. ಮೀನುಗಳ ಜಾತಿ, ಅವುಗಳಿಗೆ ನೀಡಬೇಕಾದ ಆಹಾರ, ಗಾಳದ ಕೋಲು, ದಾರ ಎಲ್ಲವೂ ಅಲ್ಲಿವೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ ಹೊರಬಂದದ್ದು 1653ರಲ್ಲಿ. ಅದಕ್ಕೂ ಐದು ಶತಮಾನ ಹಿಂದಿನ ಮಾತಿದು.

ನನ್ನ ಹುಡುಗನ ಸಾಮಗ್ರಿಯಾದರೂ ಏನು? ಬಿದಿರುಕೋಲು, ಹುರಿ ಮಾಡಿದ ದಾರ, ನವಿಲುಗರಿಯ ದಂಟಿನ ಬೆಂಡು, ಎರೆಹುಳು. ಸೋಮೇಶ್ವರನು ಅದನ್ನು ಕಂಡಿದ್ದರೆ ಅಪರಿಚಿತವೆನ್ನುತ್ತಿರಲಿಲ್ಲ. ಬದಲಾವಣೆ ತಂದವರು ಆಂಗ್ಲರು. ಮದ್ರಾಸ್ ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ರಾಟೆಯುಳ್ಳ ಕೋಲುಗಳು ಬಂದವು, ಮುಂದೆ ನೈಲಾನ್ ದಾರವೂ ಬಂದಿತು. ಆದರೆ ಕಾವೇರಿಯ ಮಹಸೀರ್, ಅಂದರೆ ನಮ್ಮ ಬಿಳಿಮೀನು, ದೊರೆಗಳ ಕೊಕ್ಕೆಗೂ ಸಿಕ್ಕುತ್ತಿದ್ದುದು ರಾಗಿಹಿಟ್ಟಿನ ಮುದ್ದೆಗೇ! 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತು. ಸುಮಾರು 54 ಕಿಲೋ.

ಅನಂತರ ಸಿಡಿಮದ್ದು ಹಾಕುವವರು ಬಂದರು. 1897ರ ಮೀನುಗಾರಿಕೆ ಕಾಯಿದೆ ಅದನ್ನು ನಿಷೇಧಿಸಿದ್ದರೂ ಹೊಳೆಯ ಮಡುಗಳಿಗೆ ಕಾಯಿದೆ ಓದಲು ಬರುವುದಿಲ್ಲವಷ್ಟೆ. ಅದಕ್ಕೆ ಪ್ರತಿಯಾಗಿ ಹುಟ್ಟಿದ್ದು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಹೊಸ ಪದ್ಧತಿ. ಹಿಡಿದುದನ್ನು ಬಿಡುವುದಾದರೆ ಹಿಡಿಯುವುದೇಕೆ ಎಂದು ನಾನೂ ಹಾಸ್ಯ ಮಾಡಿದವನೇ. ಆದರೆ ಆ ಗಾಳಗಾರರು ದಿನಚರಿ ಇಟ್ಟಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕದಿಂದಲೇ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರ್ ಹೆಚ್ಚುತ್ತಿದ್ದುದೂ ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಮಾಯವಾಗುತ್ತಿದ್ದುದೂ ವಿದ್ವಾಂಸರಿಗೆ ತಿಳಿಯಿತು. ಇತಿಹಾಸದ ಮೇಷ್ಟ್ರಾಗಿ ನಾನು ಆ ದಿನಚರಿಗೆ ಶಾಸನದ ಮರ್ಯಾದೆ ಕೊಡುತ್ತೇನೆ. ಆ ಗೂನುಬೆನ್ನಿನ ಮೀನು ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ: ಟಾರ್ ರೆಮಾದೇವಿಯೈ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಬಂದಾಗ ಹೆಸರಿನ ಒಡೆಯನೇ ಮರೆಯಾಗುತ್ತಿದ್ದ.

ಕಳೆದ ಯುಗಾದಿಯ ಮರುದಿನ ಆ ಹುಡುಗ ಮನೆಗೆ ಬಂದಿದ್ದ. ಹುಡುಗನೇನು, ಮೊಮ್ಮಕ್ಕಳನ್ನು ಕಂಡವನು. ಮುರಿದ ಕೋಲಿನ ಮಾತನ್ನು ನಾನಾಗಿಯೇ ತೆಗೆದೆ. ಅವನು ನಕ್ಕ. ಸೋಮೇಶ್ವರನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಜರು ಗಾಳಕ್ಕೆ ಏನು ಕಟ್ತಿದ್ರು ಸಾರ್?" ಎಂದು ಕೇಳಿದ.

ಪುಸ್ತಕ ತರಲು ಒಳಗೆ ಹೋದೆ.