ನಿಜಾಮಸೀಮೆಯ ಹೊನ್ನಗಣಿ

ಬೊಮ್ರಾಸಪೇಟೆಯಿಂದ ತಾಂಡೂರಿನತ್ತ ಹಬ್ಬಿರುವ ನಮ್ಮ ಗಡಿಸೀಮೆಯ ಭೂಗರ್ಭದಿಂದ ಜನರು ಎತ್ತಿಕೊಂಡುದು ಹಾಸುಗಲ್ಲನ್ನೇ ಹೊರತು ಹೊನ್ನನ್ನಲ್ಲ. ಆದರೂ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದು, ಆ ಜಿಲ್ಲೆಯು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ದಿನಗಳಲ್ಲಿ, ನೆರೆಯ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯು ನಮ್ಮ ದೊರೆಯ ರಾಜ್ಯದ ಗಣಿಯೇ ಆಗಿದ್ದಿತು.

ಹೊನ್ನಿನ ಊರೆಂದೊಡನೆ ಕೋಲಾರವನ್ನು ನೆನೆಯುವುದು ಕನ್ನಡಿಗರ ರೂಢಿ, ಅದಕ್ಕೆ ಕಾರಣವೂ ಉಂಟು. 1802ರಲ್ಲಿ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಉರಿಗಾಂ ಮತ್ತು ಮಾರಿಕುಪ್ಪಂ ಪ್ರದೇಶದಲ್ಲಿ ಹಳ್ಳಿಗರು ಕುಳಿಗಿಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಕುಟ್ಟಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದನ್ನೂ ಕಂಡು ವರದಿ ಬರೆದನು. ಆ ವರದಿಯ ಜಾಡನ್ನು ಹಿಡಿದು ಐರಿಷ್ ನಿವೃತ್ತ ಸಿಪಾಯಿ ಲಾವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದನು. 1880ರ ಸುಮಾರಿಗೆ ಜಾನ್ ಟೇಲರ್ ಸಂಸ್ಥೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಇಷ್ಟರಲ್ಲಿ ನಾನು ಗಮನಿಸುವುದು ಒಂದನ್ನೇ: ವಾರೆನ್ ಚಿನ್ನವನ್ನು ಕಂಡುಹಿಡಿದವನಲ್ಲ, ಚಿನ್ನ ತೆಗೆಯುತ್ತಿದ್ದವರನ್ನು ಕಂಡವನು.

ಕೋಲಾರದ ಲಾಭದ ಸುದ್ದಿಯು ಲಂಡನ್ನಿನ ಹಣವಂತರ ಚಿತ್ತವನ್ನು ಕದಡಿದ ಕಾಲದಲ್ಲಿಯೇ, ಎಂದರೆ 1886ರಲ್ಲಿ, ನಿಜಾಮರ ರಾಜ್ಯದ ಖನಿಜಗಳ ಹಕ್ಕನ್ನು ಪಡೆದು ಹೈದರಾಬಾದ್ ಡೆಕ್ಕನ್ ಕಂಪನಿ ಹುಟ್ಟಿಕೊಂಡಿತು. ನಮ್ಮ ಸೀಮೆಯ ಹೊನ್ನಿನ ಹುಚ್ಚು ನೆಲದಲ್ಲಿ ಅಗೆಯುವ ಮುನ್ನ ಕಾಗದದಲ್ಲಿ ಅಗೆಯಲಾರಂಭಿಸಿತೆಂದರೆ ಅತಿಶಯೋಕ್ತಿಯಾಗದು. ಷೇರುಗಳ ಬೆಲೆಯನ್ನು ಉಬ್ಬಿಸಿ, ರಾಜ್ಯದ ಪರವಾಗಿ ವ್ಯವಹರಿಸಬೇಕಾಗಿದ್ದ ಅಧಿಕಾರಿ ಅಬ್ದುಲ್ ಹಕ್ ತನ್ನವೇ ಆದ ಷೇರುಗಳನ್ನು ತನ್ನ ಸರ್ಕಾರಕ್ಕೇ ಮಾರಿದನೆಂಬ ಹಗರಣವು ಬಯಲಾಗಿ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಬೇಕಾಯಿತು. ಆ ಕಂಪನಿಯ ಮಾನವನ್ನು ಕಾಪಾಡಿದುದು ಹೊನ್ನಲ್ಲ, ಸಿಂಗರೇಣಿಯ ಕಲ್ಲಿದ್ದಲು.

ಹಟ್ಟಿಯ ಕಡೆಗೆ ಬಂದ ಶೋಧಕರಿಗೆ ದಾರಿ ತೋರಿಸಿದುದಾದರೂ ಏನು? ಪುರಾತನರ ಕುಳಿಗಳು. ಎಲ್ಲಿ ಹಳೆಯ ಅಗೆತದ ಗುರುತು, ಕಲ್ಲು ಅರೆದ ಗುಳಿಗಳು, ಅರೆದುಳಿದ ಪುಡಿಯ ದಿಬ್ಬ ಕಂಡುವೋ ಅಲ್ಲಿಯೇ ಅವರು ಹಾರೆ ಇಟ್ಟರು. ಆ ಅಜ್ಞಾತ ಗಣಿಗಾರರು ಬೆಣಚುಕಲ್ಲಿನ ಎಳೆಗೆ ಬೆಂಕಿಯಿಕ್ಕಿ ಕಾಯಿಸಿ, ಕಾದ ಬಂಡೆಯ ಮೇಲೆ ನೀರೆರಚಿ ಬಿರಿಯಿಸಿ, ಬಿರಿದುದನ್ನು ಒಡೆದು ಮೇಲೆತ್ತಿ, ಗುಂಡುಗಲ್ಲಿನಿಂದ ಅರೆದು, ನೀರಿನಲ್ಲಿ ತೊಳೆದು, ಹೊನ್ನನ್ನು ಪಡೆಯುತ್ತಿದ್ದರು. ಹೀಗೆ ಅವರು 600 ಅಡಿಗೂ ಮಿಕ್ಕಿದ ಆಳಕ್ಕೆ ಇಳಿದಿದ್ದರೆಂಬುದು ಇಂದಿನ ಇಂಜಿನಿಯರರನ್ನೂ ಬೆರಗುಗೊಳಿಸುವ ಸಂಗತಿ. ಹಳೆಯ ಕುಳಿಗಳಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಲಾಗಿ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ತಿಳಿದುಬಂದಿದೆ. ಯಂತ್ರವಿಲ್ಲದೆ, ಎಣ್ಣೆಯ ಸೊಡರಿನ ಬೆಳಕಿನಲ್ಲಿ, ಹೊಗೆ ಕವಿದ ಆ ಆಳದಲ್ಲಿ ದುಡಿದವರು ಯಾರು, ಕೂಲಿಯವರೋ ಸೆರೆಯಾಳುಗಳೋ, ಯಾವ ಶಾಸನವೂ ಹೇಳದು. ಅರಸರ ದಾನವನ್ನು ಸಾರುವ ಶಾಸನಗಳು ಆ ದಾನದ ಹೊನ್ನು ಬಂದ ಬಗೆಯನ್ನು ಸಾಮಾನ್ಯವಾಗಿ ಮರೆತುಬಿಡುತ್ತವೆ.

ಶಾಸನದ ಮಾತು ಬಂದುದರಿಂದ ಇದನ್ನೂ ಹೇಳಬೇಕು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಅದೇ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡಗಳಲ್ಲಿ ತಿರುಗುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮೀ ಲಿಪಿ ಬಿದ್ದಿತು; ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಲು, ಅಲ್ಲಿಯವರೆಗೆ ದೇವಾನಾಂಪ್ರಿಯನೇ ಮೊದಲಾದ ಬಿರುದುಗಳಿಂದ ಮಾತ್ರ ಶಿಲಾಶಾಸನಗಳಲ್ಲಿ ಕಾಣುತ್ತಿದ್ದ ಅರಸನು ಅಶೋಕನೆಂಬ ಸ್ವನಾಮದಿಂದಲೇ ಅಲ್ಲಿ ಗೋಚರಿಸಿದನು. ಹೊನ್ನನ್ನು ಬಯಸಿದ ವಸಾಹತು ಯುಗವು ಈ ನೆಲದಿಂದ ಪಡೆದ ಅತ್ಯಂತ ಬೆಲೆಯುಳ್ಳ ವಸ್ತು ಇದೇ ಎಂದು ನನ್ನ ಅಭಿಪ್ರಾಯ, ಅರ್ಥಶಾಸ್ತ್ರಜ್ಞರು ಒಪ್ಪದಿರಬಹುದು.

ಹಟ್ಟಿಯಲ್ಲಿ ಇಂಗ್ಲಿಷರ ಉದ್ಯಮವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಡೆದು, ಮೊದಲ ಮಹಾಯುದ್ಧದ ಹೊತ್ತಿನ ಮುಗ್ಗಟ್ಟಿನಲ್ಲಿ ನಿಂತುಹೋಯಿತು; ಕೋಲಾರದಂತೆ ಬಂಗಲೆ, ಕ್ಲಬ್ಬುಗಳ ಮಹಾನಗರವನ್ನು ಅಲ್ಲಿ ನೆಲೆಗೊಳಿಸುವಷ್ಟು ಅವಧಿಯೂ ಅವರಿಗೆ ದೊರೆಯಲಿಲ್ಲ. 1947ರಲ್ಲಿ ಸ್ಥಾಪಿತವಾದ ಹೈದರಾಬಾದ್ ಚಿನ್ನದ ಗಣಿ ಕಂಪನಿಯು ಕೆಲಸವನ್ನು ಮತ್ತೆ ಕೈಗೊಂಡಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಲಿಂಗಸುಗೂರು ಮೈಸೂರಿಗೂ, ಕೊಡಂಗಲ್, ತಾಂಡೂರುಗಳು ಆಂಧ್ರಪ್ರದೇಶಕ್ಕೂ ಸಂದುವು. ಕಂಪನಿಯ ಹೆಸರಿನಿಂದ ಹೈದರಾಬಾದು ಅಳಿದು ಹಟ್ಟಿ ನಿಂತಿತು. ಗಣಿಯು ಇಂದಿಗೂ ನಡೆಯುತ್ತಿದೆ.

ಪರಂಪರೆಯ ರಕ್ಷಣೆಯೆಂದರೆ ನಮ್ಮವರು ಕೋಲಾರದ ದೊರೆಗಳ ಬಂಗಲೆಗಳನ್ನು ಮೊದಲು ತೋರಿಸುತ್ತಾರೆ, ಅವು ಉಳಿಯಲಿ. ಆದರೆ ಹಟ್ಟಿಯ ಹೊಸ ಸುರಂಗಗಳು ಅರಸುವುದೂ ಪುರಾತನರು ಹಿಡಿದ ಎಳೆಗಳನ್ನೇ ಆದುದರಿಂದ, ಹಳೆಯ ಕುಳಿಗಳ ಅಳತೆ, ಅವುಗಳ ಇದ್ದಿಲು, ಅರೆಯುವ ಗುಂಡುಗಲ್ಲು ಇವೆಲ್ಲವೂ ಚಿನ್ನದ ತೂಕದಷ್ಟೇ ಎಚ್ಚರದಿಂದ ಗಣಿಯ ದಫ್ತರದಲ್ಲಿ ದಾಖಲಾಗಬೇಕು, ಮತ್ತು ಆ ದಫ್ತರವು ವಿದ್ವಾಂಸರಿಗೆ ತೆರೆದಿರಬೇಕು.