ಮಡಚಿದರೆ ಉಪಕರಣ, ಬಿಚ್ಚಿದರೆ ಆಯುಧ

ಸ್ಪೇನ್ ದೇಶದ ಅಲ್ಬಾಸೆಟೆ ಎಂಬ ಊರಿಗೆ ರೈಲು ಬಂದದ್ದು 1855ರಲ್ಲಿ. ಮ್ಯಾಡ್ರಿಡ್ ನಗರದಿಂದ ಹೊರಟ ಗಾಡಿ ಅಲ್ಲಿ ನಿಲ್ಲುತ್ತಿದ್ದಂತೆ, ಸೊಂಟಪಟ್ಟಿಯ ತುಂಬ ಚಾಕುಗಳನ್ನು ಸಿಕ್ಕಿಸಿಕೊಂಡ ವ್ಯಾಪಾರಿಗಳು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದರು. ಮದ್ದೂರಿನಲ್ಲಿ ರೈಲು ನಿಂತರೆ ವಡೆ ಬರುವಂತೆ ಅಲ್ಲಿ ಚಾಕು ಬರುತ್ತಿತ್ತು ಎನ್ನಬಹುದು. ಪ್ರಯಾಣಿಕರು ಅದನ್ನು ಕೊಳ್ಳುತ್ತಿದ್ದುದು ಯಾರನ್ನೋ ಇರಿಯಲು ಅಲ್ಲ. ದಾರಿಯಲ್ಲಿ ರೊಟ್ಟಿ ಕೊಯ್ಯಲು, ಇಲ್ಲವೇ ಊರಿಗೆ ಹೋದ ನೆನಪಿಗೆ.

ಆ ಚಾಕುವಿನ ಹೆಸರು 'ನವಾಹಾ'. ಕ್ಷೌರದ ಕತ್ತಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿದು. ಇಂದಿಗೂ ಸ್ಪ್ಯಾನಿಷ್ ಭಾಷೆಯಲ್ಲಿ ಕ್ಷೌರದ ಕತ್ತಿಗೆ ಇದೇ ಪದ ಬಳಕೆಯಲ್ಲಿದೆ. ನೋಡಲು ಸರಳ. ಸ್ವಲ್ಪ ಬಾಗಿದ ಕೊಂಬಿನ ಅಥವಾ ಮರದ ಹಿಡಿ. ಅದರ ಸೀಳಿನೊಳಗೆ ಮಡಚಿಕೊಳ್ಳುವ ಉದ್ದನೆಯ ಅಲಗು. ಕೆಲವು ಅಂಗೈಯೊಳಗೆ ಅಡಗುತ್ತವೆ. ಕೆಲವುಗಳ ಅಲಗೇ ಒಂದು ಗೇಣು ದಾಟುತ್ತದೆ. ಈ ದೊಡ್ಡ ಚಾಕು ಇಟ್ಟುಕೊಂಡವರಿಗೆ ಅದು ಏನಾಗಿ ಕಂಡಿತು, ನೋಡಿದವರಿಗೆ ಏನಾಗಿ ಕಂಡಿತು ಎಂಬುದೇ ಅದರ ಮುನ್ನೂರು ವರ್ಷಗಳ ಕಥೆ.

ಬಡವನ ಖಡ್ಗ

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಸೊಂಟದಲ್ಲಿ ಖಡ್ಗ ತೂಗಾಡುವುದು ಕುಲೀನರ ಲಕ್ಷಣ. ಹೇಸರಗತ್ತೆ ಹೊಡೆಯುವವರು, ಕುರಿಗಾಹಿಗಳು, ನಾವಿಕರು ಖಡ್ಗ ಧರಿಸುವಂತಿರಲಿಲ್ಲ. ಧರಿಸುವ ಶಕ್ತಿಯೂ ಇರಲಿಲ್ಲ. ಆದರೆ ಚಾಕು ಇಲ್ಲದೆ ಅವರ ದಿನ ಸಾಗುತ್ತಿರಲಿಲ್ಲ. ರೊಟ್ಟಿ, ಗಿಣ್ಣು, ಒಣಮಾಂಸ, ಹೊಗೆಸೊಪ್ಪು, ಹಗ್ಗ ಎಲ್ಲಕ್ಕೂ ಅದೇ ಒಂದು. ಊಟಕ್ಕೆ ಕೂತವನು ತನ್ನ ಚಾಕುವನ್ನು ತಾನೇ ತರಬೇಕಾಗಿದ್ದ ಕಾಲ ಅದು. ಮಡಚುವ ಚಾಕುವಾದರೆ ಸೊಂಟಕ್ಕೆ ಸುತ್ತಿದ ಬಟ್ಟೆಯೊಳಗೆ ಸುಲಭವಾಗಿ ಸೇರಿಕೊಳ್ಳುತ್ತಿತ್ತು. ಕಳ್ಳಕಾಕರ ದಾರಿಯಲ್ಲಿ ಒಂಟಿಯಾಗಿ ನಡೆಯುವಾಗ ಅದೇ ಧೈರ್ಯವನ್ನೂ ಕೊಡುತ್ತಿತ್ತು.

ಆಳುವವರಿಗೆ ಕಂಡದ್ದು ಈ ಎರಡನೆಯ ಮುಖ ಮಾತ್ರ. ದೊರೆ ಮೂರನೆಯ ಕಾರ್ಲೋಸ್ 1761ರಲ್ಲಿ ಹೊರಡಿಸಿದ ರಾಜಾಜ್ಞೆ ಕಠಾರಿಗಳ ಜತೆಗೆ ಸ್ಪ್ರಿಂಗ್ ಇರುವ ಮಡಚು ಚಾಕುಗಳನ್ನೂ ನಿಷೇಧಿಸಿತು. ಅಷ್ಟೇ ಅಲ್ಲ, ಮೊನೆಯುಳ್ಳ ಅಡುಗೆಮನೆಯ ಚಾಕುವೂ ಆ ಪಟ್ಟಿಯಲ್ಲಿತ್ತು! ತಪ್ಪಿದವನು ಕುಲೀನನಾದರೆ ಆರು ವರ್ಷ ಸೆರೆವಾಸ. ಸಾಮಾನ್ಯನಾದರೆ ಅಷ್ಟೇ ಕಾಲ ಗಣಿಯಲ್ಲಿ ದುಡಿತ. ಶಿಕ್ಷೆಯಲ್ಲೂ ಪಂಕ್ತಿಭೇದ. ಆದರೆ ಚಾಕು ಮಾತ್ರ ಮಾಯವಾಗಲಿಲ್ಲ.

ಅದು ಕೈಯಲ್ಲಿದ್ದದ್ದರ ಪರಿಣಾಮ 1808ರ ಮೇ 2ರಂದು ಕಾಣಿಸಿತು. ನೆಪೋಲಿಯನ್ನನ ಸೇನೆಯ ವಿರುದ್ಧ ಮ್ಯಾಡ್ರಿಡ್ ಜನ ದಂಗೆಯೆದ್ದಾಗ ಬಂದೂಕಿಲ್ಲದವರು ಚಾಕು ಹಿಡಿದೇ ಕುದುರೆ ಸವಾರರ ಮೇಲೆ ಬಿದ್ದರು. ಚಿತ್ರಕಾರ ಗೋಯಾ 1814ರಲ್ಲಿ ಆ ದೃಶ್ಯವನ್ನು ಬಿಡಿಸಿದ. ಅದೇ ದಿನ ಮಡಿದ ಮನುಯೇಲಾ ಮಲಸಾನ್ಯಾ ಎಂಬ ಹುಡುಗಿಯ ಬಗ್ಗೆ ಪ್ರಸಿದ್ಧವಾದ ಒಂದು ಕಥನವಿದೆ. ಹೊಲಿಗೆ ಕೆಲಸದ ಆ ಹುಡುಗಿಯ ಬಳಿ ಕತ್ತರಿ ಸಿಕ್ಕಿತೆಂದೂ, ಅದು ಆಯುಧವೆಂದು ಫ್ರೆಂಚ್ ಸೈನಿಕರು ಅವಳನ್ನು ಗುಂಡಿಟ್ಟು ಕೊಂದರೆಂದೂ ಅದು ಹೇಳುತ್ತದೆ. ಮ್ಯಾಡ್ರಿಡ್‌ನ ಒಂದು ಬಡಾವಣೆಗೆ ಇಂದು ಅವಳದೇ ಹೆಸರು. ಹೊಲಿಯುವವಳ ಪಾಲಿಗೆ ಅನ್ನ ಕೊಡುವ ಕತ್ತರಿ, ಕಾವಲು ಸೈನಿಕನ ಪಾಲಿಗೆ ಮರಣದಂಡನೆಗೆ ಕಾರಣ.

ಕಟಕಟ ಸದ್ದು

ನವಾಹಾದ ಕುಶಲತೆ ಇರುವುದು ಅದರ ಬೆನ್ನಿನಲ್ಲಿ. ಮಡಚುವ ಚಾಕುವಿಗೆ ಒಂದು ದೊಡ್ಡ ದೋಷವಿದೆ: ಒತ್ತಿದಾಗ ಅಲಗು ಹಿಂದಕ್ಕೆ ಮಡಚಿಕೊಂಡರೆ ಸ್ವಂತ ಬೆರಳೇ ಹೋಗುತ್ತದೆ. ಅದಕ್ಕಾಗಿ ಹಿಡಿಯ ಬೆನ್ನಿಗೆ ಉಕ್ಕಿನ ಪಟ್ಟಿಯ ಸ್ಪ್ರಿಂಗ್ ಕೂರಿಸಿದರು. ಅಲಗು ಪೂರ್ತಿ ತೆರೆದಾಗ ಅದರ ಬುಡ ಪಟ್ಟಿಯ ತೂತಿಗೆ ಸಿಕ್ಕಿ ಭದ್ರವಾಗುತ್ತದೆ. ಮಡಚಬೇಕಾದರೆ ಪಟ್ಟಿಯನ್ನು ಎತ್ತಬೇಕು. ಅದಕ್ಕೊಂದು ಉಂಗುರ. ಕೆಲವು ಚಾಕುಗಳಲ್ಲಿ ಅಲಗಿನ ಬುಡಕ್ಕೆ ಗರಗಸದಂತೆ ಹಲ್ಲುಗಳಿರುತ್ತವೆ. ಬಿಚ್ಚುವಾಗ ಒಂದೊಂದು ಹಲ್ಲೂ ಸ್ಪ್ರಿಂಗಿಗೆ ತಾಗಿ ಕಟಕಟನೆ ಸದ್ದು ಮಾಡುತ್ತದೆ. ಏಳು ಸದ್ದಿನ ಚಾಕು ಸ್ಪೇನಿನ ಮನೆಮಾತು.

ಈ ಸದ್ದಿನ ಮೇಲೆ ಇಟ್ಟುಕೊಂಡವರಿಗೆ ವಿಪರೀತ ಮೋಹ. ಎದುರಿಗಿದ್ದವನಿಗೆ ಅದೊಂದು ಎಚ್ಚರಿಕೆ. ಎಷ್ಟೋ ಜಗಳಗಳು ಸದ್ದಿಗೇ ಮುಗಿದಿದ್ದರೆ ಆಶ್ಚರ್ಯವಿಲ್ಲ.

ಮಾಲೀಕರ ಮನಸ್ಸನ್ನು ಅಲಗಿನ ಮೇಲೆಯೇ ಓದಬಹುದು. ಹಳೆಯ ನವಾಹಾಗಳ ಮೇಲೆ ಬರಹ ಕೊರೆಸುವ ಪದ್ಧತಿಯಿತ್ತು. ಒಂದು ಅಲಗು ತಾನು ತನ್ನ ಒಡೆಯನ ಸೊತ್ತು ಎಂದು ವಿನಯದಿಂದ ಹೇಳಿಕೊಂಡರೆ, ಇನ್ನೊಂದು ತನ್ನನ್ನು ಹಾವೆಂದು ಕರೆದುಕೊಂಡು ತನ್ನ ಕಡಿತಕ್ಕೆ ಔಷಧದ ಅಂಗಡಿಯಲ್ಲಿ ಮದ್ದಿಲ್ಲವೆಂದು ಜಂಬ ಕೊಚ್ಚುತ್ತದೆ. ಜೂಜುಕೋರರಿಂದ ಹೆದರಿಸಿ ಪಾಲು ಕೀಳುತ್ತಿದ್ದ ಪುಂಡರ ಚಾಕುವಿದ್ಯೆಯನ್ನು ಕಲಿಸುವ ಕೈಪಿಡಿಯೊಂದು 1849ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು.

ಹೊರಗಿನವರಿಗೆ ಹಿಡಿಸಿದ್ದು ಈ ಪುಂಡನ ಚಿತ್ರವೇ. ಫ್ರೆಂಚ್ ಲೇಖಕ ಮೆರಿಮೆಯ 'ಕಾರ್ಮೆನ್' ಪ್ರಕಟವಾದದ್ದು 1845ರಲ್ಲಿ; ಅದನ್ನು ಆಧರಿಸಿದ ಬಿಜೆಯ ಸಂಗೀತ ನಾಟಕ 1875ರಲ್ಲಿ ಪ್ಯಾರಿಸ್ ರಂಗಕ್ಕೆ ಬಂತು. ಅಲ್ಲಿಂದ ಮುಂದೆ ಸ್ಪೇನಿನವನೆಂದರೆ ಅಸೂಯೆ, ಆವೇಶ, ಸೊಂಟದಲ್ಲಿ ಚಾಕು ಎಂಬ ಚಿತ್ರ ಯುರೋಪಿನಲ್ಲಿ ಬೇರೂರಿತು. ವಿಚಿತ್ರವೆಂದರೆ, ಆ ಶತಮಾನದಲ್ಲಿ ಸ್ಪೇನಿನ ಸಂತೆಗಳಲ್ಲಿ ಮಾರಾಟವಾದ ಎಷ್ಟೋ ನವಾಹಾಗಳು ಫ್ರಾನ್ಸಿನ ತಿಯೇರ್ ಮುಂತಾದ ಊರುಗಳಲ್ಲೇ ತಯಾರಾಗಿ ಬಂದವು!

ಹನ್ನೊಂದು ಸೆಂಟಿಮೀಟರ್

ಚಾಕು ಉಪಕರಣವೋ ಆಯುಧವೋ ಎಂಬ ಹಳೆಯ ಪ್ರಶ್ನೆಗೆ ಸ್ಪೇನ್ ಸರ್ಕಾರ 1993ರಲ್ಲಿ ಅಳತೆಪಟ್ಟಿ ಹಿಡಿದು ಉತ್ತರ ಕೊಟ್ಟಿತು. ಆ ವರ್ಷದ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 11 ಸೆಂಟಿಮೀಟರಿಗಿಂತ ಉದ್ದದ ಅಲಗಿನ ನವಾಹಾ ನಿಷಿದ್ಧ. ಆದರೆ ಅಲಂಕಾರಕ್ಕಾಗಿ, ಸಂಗ್ರಹಕ್ಕಾಗಿ ಮನೆಯೊಳಗೆ ಮಾತ್ರ ಇಟ್ಟುಕೊಳ್ಳಬಹುದು. ಅಂದರೆ ದೊಡ್ಡ ಚಾಕು ಉಳಿಯಬಹುದು, ಹೊಸಿಲು ದಾಟುವಂತಿಲ್ಲ.

ನಮ್ಮ ದೇಶದಲ್ಲೂ ಇದಕ್ಕೆ ಸಮಾನವಾದ ಕಥೆಯಿದೆ. ಉತ್ತರ ಪ್ರದೇಶದ ರಾಂಪುರ ನವಾಬರ ಕಾಲದಿಂದ ಮಡಚು ಚಾಕುವಿಗೆ ಹೆಸರಾದ ಊರು. ಹಿಂದಿ ಚಿತ್ರಗಳ ಖಳರು 'ರಾಂಪುರಿ'ಯನ್ನು ಝಳಪಿಸಿ ಝಳಪಿಸಿ ಅದಕ್ಕೆ ಕೆಟ್ಟ ಹೆಸರು ತಂದರು. 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ಅಲ್ಲಿ ನಿರ್ಬಂಧ ಬಂತು. ಕುಶಲಕರ್ಮಿಗಳು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಕೊನೆಗೆ 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನು ಸ್ಮಾರಕದಂತೆ ನಿಲ್ಲಿಸಲಾಯಿತು. ಜೇಬಿನಲ್ಲಿ ನಿರ್ಬಂಧ, ವೃತ್ತದಲ್ಲಿ ಗೌರವ!

ಅಲ್ಬಾಸೆಟೆ ಈ ಪೆಟ್ಟನ್ನು ತಾಳಿಕೊಂಡಿತು. 2004ರಲ್ಲಿ ಅಲ್ಲಿ ಚಾಕುಗಳದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಊರಿನ ಜಾತ್ರೆಗೆ ಬಂದವರು ಈಗಲೂ ನವಾಹಾ ಕೊಳ್ಳುತ್ತಾರೆ. ಅತ್ತ ಅಮೆರಿಕದ ಕೋಲ್ಡ್ ಸ್ಟೀಲ್ ಕಂಪನಿ ಹಳೆಯ ನವಾಹಾದ ಆಕಾರವನ್ನೇ ಅನುಸರಿಸಿ ಏಳೂವರೆ ಇಂಚು ಅಲಗಿನ ಮಡಚು ಚಾಕುವನ್ನು ಮಾರುಕಟ್ಟೆಗೆ ತಂದಿತು. ಅದಕ್ಕಿಟ್ಟ ಹೆಸರು 'ಎಸ್ಪಾಡಾ'. ಸ್ಪ್ಯಾನಿಷ್‌ನಲ್ಲಿ ಖಡ್ಗ ಎಂದರ್ಥ. ಖಡ್ಗ ಧರಿಸಲಾಗದವನು ಕೈಗೆತ್ತಿಕೊಂಡ ಚಾಕು ಕೊನೆಗೆ ಖಡ್ಗದ ಹೆಸರನ್ನೇ ಪಡೆಯಿತು.

ಆದರೆ ಇಂಥ ಚಾಕು ಇಟ್ಟುಕೊಳ್ಳುವುದರಲ್ಲಿ ಒಂದು ಇಕ್ಕಟ್ಟಿದೆ. ಕೈಗೆ ತುಂಬಿ ಬರುವ ಹಿಡಿ, ಹೊಳೆಯುವ ಅಲಗು ಹೆಮ್ಮೆ ತರುತ್ತವೆ. ಜೇಬಿಗೆ ಮಾತ್ರ ಭಾರ. ಹಣ್ಣು ಕೊಯ್ಯಲೆಂದು ಬಿಚ್ಚಿದರೂ ಪಕ್ಕದವರು ದೂರ ಸರಿಯುತ್ತಾರೆ. ಹಾಗಾಗಿ ದೊಡ್ಡ ಚಾಕು ಗಾಜಿನ ಕಪಾಟು ಸೇರುತ್ತದೆ. ರೊಟ್ಟಿ ಕೊಯ್ಯುವ ಕೆಲಸ ಸಣ್ಣದಕ್ಕೆ ಬೀಳುತ್ತದೆ. ಸಾಣೆ ಕಾಣದ ಅಲಗಿಗೆ ಮಾಲೀಕನಿದ್ದಾನೆ, ಕೆಲಸವಿಲ್ಲ. ಅದನ್ನು ರೂಪಿಸಿದ ಕಮ್ಮಾರನ ವಿದ್ಯೆಗೆ ಕಾಯ್ದೆಯ ನಿಷೇಧಕ್ಕಿಂತ ಇದೇ ದೊಡ್ಡ ಅಪಾಯವಿರಬಹುದು.

ಸ್ಪೇನಿನಲ್ಲಿ ಒಂದು ನಂಬಿಕೆ ಉಳಿದುಕೊಂಡಿದೆ. ಚಾಕುವನ್ನು ಪುಕ್ಕಟೆಯಾಗಿ ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದಂತೆ. ಅದಕ್ಕೇ ಪಡೆದವನು ಕೊಟ್ಟವನ ಕೈಗೆ ಒಂದು ಪುಡಿನಾಣ್ಯ ಇಡಬೇಕು. ಆಗ ಅದು ಉಡುಗೊರೆಯಲ್ಲ, ವ್ಯಾಪಾರ. ಇಷ್ಟೆಲ್ಲ ಕಾಯ್ದೆ ಕಟ್ಟಳೆಗಳ ನಡುವೆ ಜನ ತಾವೇ ಮಾಡಿಕೊಂಡ ಈ ಕಟ್ಟಳೆಗೆ ಅಳತೆಪಟ್ಟಿ ಬೇಕಾಗಿಲ್ಲ.